ನೀರಿಲ್ಲದೆ ಕರಗಿದ ಉಪ್ಪು

ಇರುವೆಗಳ ಜಗಳವನ್ನು ನಿಂತು ನೋಡುವಷ್ಟು ಪುರುಸೊತ್ತು ದೊಡ್ಡವರಿಗೆ ಇರುವುದಿಲ್ಲ. ಅದೇನಿದ್ದರೂ ಮಕ್ಕಳ ಪಾಲಿನ ವಿನೋದ. ಆದರೆ ಅಮೆರಿಕದ ಟೆಕ್ಸಸ್ ಸಂಸ್ಥಾನದ ಕೆಲವರು ವಿಜ್ಞಾನಿಗಳು ಇಂತಹ ಒಂದು ಜಗಳವನ್ನು ಬಹು ಶ್ರದ್ಧೆಯಿಂದ ನೋಡಿದರು. ಜಗಳವಾಡುತ್ತಿದ್ದ ಎರಡು ಜಾತಿಗಳೂ ಆ ನಾಡಿನವಲ್ಲ; ಎರಡೂ ದಕ್ಷಿಣ ಅಮೆರಿಕದಿಂದ ಬಂದು ನೆಲೆಸಿದಂಥವು. ಮೊದಲು ಬಂದದ್ದು ಬೆಂಕಿ ಇರುವೆ. ಕುಟುಕಿದರೆ ಕೆಂಡ ತಾಗಿದಂತೆ ಉರಿಯುವುದರಿಂದ ಅದಕ್ಕೆ ಆ ಹೆಸರು. ಅದರ ವಿಷದ ಒಂದು ಸಣ್ಣ ಹನಿ ಮೈಮೇಲೆ ಬಿದ್ದರೆ ಸಾಕು, ಬೇರೆ ಇರುವೆಗಳ ಕತೆ ಮುಗಿಯಿತು. ಹೀಗೆ ದಶಕಗಳ ಕಾಲ ಎದುರಾಳಿಯಿಲ್ಲದೆ ಮೆರೆದ ಬೆಂಕಿ ಇರುವೆಗೆ ಆಮೇಲೆ ಬಂದ ಕಂದು ಬಣ್ಣದ ಹುಚ್ಚಿರುವೆಯೊಂದು ಸವಾಲಾಗಿ ನಿಂತಿತು. ದಿಕ್ಕುದೆಸೆಯಿಲ್ಲದೆ ಓಡಾಡುವ ಸ್ವಭಾವದಿಂದ ಅದಕ್ಕೆ ಆ ಹೆಸರು ಬಂದಿದೆಯೇ ಹೊರತು, ಅದರ ನಡತೆಯಲ್ಲಿ ಹುಚ್ಚೇನೂ ಇಲ್ಲ.

ವಿಷದ ಹನಿ ತಗುಲಿದೊಡನೆ ಹುಚ್ಚಿರುವೆ ಹಿಂಗಾಲುಗಳ ಮೇಲೆ ಎದ್ದು ನಿಲ್ಲುತ್ತದೆ. ಹೊಟ್ಟೆಯ ತುದಿಯನ್ನು ಬಾಗಿಸಿ ಬಾಯಿಯ ಬಳಿಗೆ ತರುತ್ತದೆ. ಅಲ್ಲಿಂದ ಒಸರುವ ಫಾರ್ಮಿಕ್ ಆಮ್ಲವನ್ನು ಬಾಯಲ್ಲಿ ತೆಗೆದುಕೊಂಡು, ಅಭ್ಯಂಜನ ಮಾಡಿಕೊಳ್ಳುವವರಂತೆ ಮೈಗೆಲ್ಲ ಬಳಿದುಕೊಳ್ಳುತ್ತದೆ; ಮತ್ತೆ ಕಾಳಗಕ್ಕೆ ಇಳಿಯುತ್ತದೆ. ಟೆಕ್ಸಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಕೆಲವು ಹುಚ್ಚಿರುವೆಗಳ ಆಮ್ಲದ ದ್ವಾರವನ್ನು ಉಗುರಿಗೆ ಹಚ್ಚುವ ಬಣ್ಣದಿಂದ ಮುಚ್ಚಿ ನೋಡಿದರು. ಅಂಥವುಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಸತ್ತುಹೋದುವು. ದ್ವಾರ ತೆರೆದಿದ್ದವುಗಳಲ್ಲಿ ಬಹುತೇಕ ಎಲ್ಲವೂ ಬದುಕಿಕೊಂಡವು. ಈ ವರದಿ ಪ್ರಕಟವಾದದ್ದು ೨೦೧೪ರಲ್ಲಿ.

ಅದೇ ವರ್ಷ ರಸಾಯನವಿಜ್ಞಾನಿಗಳು ಇದಕ್ಕೆ ಇನ್ನೊಂದು ಅಧ್ಯಾಯವನ್ನು ಸೇರಿಸಿದರು. ಬೆಂಕಿ ಇರುವೆಯ ವಿಷ ಒಂದು ಪ್ರತ್ಯಾಮ್ಲ. ಹುಚ್ಚಿರುವೆಯ ಲೇಪ ಒಂದು ಆಮ್ಲ. ಆಮ್ಲವೂ ಪ್ರತ್ಯಾಮ್ಲವೂ ಕೂಡಿದರೆ ಹುಟ್ಟುವುದು ಲವಣ, ಎಂದರೆ ಒಂದು ಬಗೆಯ ಉಪ್ಪು. ಇದು ಶಾಲೆಯ ಮಕ್ಕಳಿಗೂ ಗೊತ್ತಿರುವ ಪಾಠ. ಆದರೆ ಇಲ್ಲಿ ಹುಟ್ಟಿದ ಉಪ್ಪು ಹರಳಾಗಿರಲಿಲ್ಲ, ಪುಡಿಯಾಗಿರಲಿಲ್ಲ. ಅದು ಹರಳೆಣ್ಣೆಯಂತೆ ಮಂದವಾದ ದ್ರವವಾಗಿತ್ತು! ಮನುಷ್ಯನು ಪ್ರಯೋಗಶಾಲೆಯಲ್ಲಿ ಕುಳಿತು ರಚಿಸಿದ ‘ಅಯಾನಿಕ ದ್ರವ’ವೆಂಬ ವಸ್ತುವನ್ನು ಯಃಕಶ್ಚಿತ್ ಇರುವೆಯೊಂದು ತನ್ನ ಮೈಮೇಲೆಯೇ ತಯಾರಿಸಿಕೊಳ್ಳುತ್ತಿತ್ತು.

ಇಟ್ಟಿಗೆ ಮತ್ತು ಹಲಸಿನ ಹಣ್ಣು

ಉಪ್ಪು ದ್ರವವಾಗುವುದೆಂದರೇನು? ಮಳೆಗಾಲದಲ್ಲಿ ಜಾಡಿಯ ಉಪ್ಪು ನೀರೊಡೆಯುವುದನ್ನು ಕಂಡ ಗೃಹಿಣಿಯರು ‘ಇದೇನು ಹೊಸದು?’ ಎಂದು ಕೇಳಬಹುದು. ಆದರೆ ಅಲ್ಲಿ ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ಆ ನೀರಿನಲ್ಲಿ ಕರಗಿರುತ್ತದೆ. ನೀರಿನ ಹಂಗಿಲ್ಲದೆ, ತುಪ್ಪ ಕರಗಿದಂತೆ, ಬರಿಯ ಉಪ್ಪೇ ಕರಗಬೇಕಾದರೆ ಅದನ್ನು ೮೦೧ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಬೇಕು. ಅಡಿಗೆಮನೆಯ ಪಾತ್ರೆಯಲ್ಲಿ ನಡೆಯುವ ಕೆಲಸವಲ್ಲ ಅದು.

ಇಷ್ಟೊಂದು ಕಾವು ಏಕೆ ಬೇಕೆಂದರೆ, ಉಪ್ಪಿನ ಹರಳು ವಿದ್ಯುತ್ ಸೆಳೆತದಿಂದ ಕಟ್ಟಿದ ಕೋಟೆ. ಅದರಲ್ಲಿರುವುದು ಧನ ವಿದ್ಯುತ್ತನ್ನು ಹೊತ್ತ ಸೋಡಿಯಂ ಕಣ ಮತ್ತು ಋಣ ವಿದ್ಯುತ್ತನ್ನು ಹೊತ್ತ ಕ್ಲೋರೈಡ್ ಕಣ. ಹೀಗೆ ವಿದ್ಯುತ್ತನ್ನು ಹೊತ್ತ ಕಣಗಳಿಗೆ ಅಯಾನುಗಳೆಂದು ಹೆಸರು. ಎರಡೂ ಚಿಕ್ಕವು, ಎರಡೂ ಗುಂಡಗಿನವು. ಒಂದರ ಪಕ್ಕಕ್ಕೆ ಒಂದು ಒತ್ತಾಗಿ ಕುಳಿತು, ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಅಚ್ಚುಕಟ್ಟಾದ ಇಟ್ಟಿಗೆಗಳಿಂದ ಕಟ್ಟಿದ ಗೋಡೆ ಭದ್ರವಾಗಿ ನಿಲ್ಲುವುದು ಸಹಜ. ಆದರೆ ಒಂದು ಇಟ್ಟಿಗೆ, ಒಂದು ಹಲಸಿನ ಹಣ್ಣು, ಮತ್ತೆ ಒಂದು ಇಟ್ಟಿಗೆ, ಒಂದು ಹಲಸಿನ ಹಣ್ಣು ಹೀಗೆ ಜೋಡಿಸಿ ಗೋಡೆ ಕಟ್ಟಹೊರಟರೆ ಏನಾದೀತು? ಗೋಡೆ ನಿಲ್ಲುವುದೇ ಇಲ್ಲ. ಅಯಾನಿಕ ದ್ರವದ ಗುಟ್ಟೆಲ್ಲ ಇಷ್ಟೆ. ಅದರ ಧನ ಅಯಾನು ದೊಡ್ಡದು, ಸೊಟ್ಟನೆಯದು. ಸಾಮಾನ್ಯವಾಗಿ ಇಂಗಾಲದ ಪರಮಾಣುಗಳ ಬಾಲವೊಂದನ್ನು ಒಂದು ಪಕ್ಕಕ್ಕೆ ಚಾಚಿಕೊಂಡಿರುವಂಥದು. ಜೊತೆಗಾರ ಅಯಾನಿನೊಡನೆ ಅದು ಅಚ್ಚುಕಟ್ಟಾಗಿ ಹೊಂದಿ ಕೂರಲಾರದು. ಆದ್ದರಿಂದ ಹರಳುಕಟ್ಟುವುದು ಕಷ್ಟ. ನೂರು ಡಿಗ್ರಿಯೊಳಗೆ ಕರಗುವ ಇಂಥ ಲವಣಗಳನ್ನೆಲ್ಲ ಅಯಾನಿಕ ದ್ರವಗಳೆಂದು ಕರೆಯುವುದು ವಾಡಿಕೆ.

ಇವುಗಳಲ್ಲಿ ಹಿರಿಯದೆನಿಸಿದ ಒಂದನ್ನು ವರ್ಣಿಸಿದವನು ಲಾಟ್ವಿಯ ನಾಡಿನಲ್ಲಿ ಹುಟ್ಟಿದ ಪಾಲ್ ವಾಲ್ಡನ್ ಎಂಬ ವಿದ್ವಾಂಸ. ೧೯೧೪ರಲ್ಲಿ ಅವನು ಈಥೈಲ್ ಅಮೋನಿಯಂ ನೈಟ್ರೇಟ್ ಎಂಬ ಲವಣ ಕೇವಲ ೧೨ ಡಿಗ್ರಿಯಲ್ಲಿ ಕರಗಿ ನೀರಾಗುವುದೆಂದು ಬರೆದನು. ಅದೇ ವರ್ಷ ಮಹಾಯುದ್ಧ ಹೊತ್ತಿಕೊಂಡಿತು. ಯಾರೂ ಆ ಬರಹವನ್ನು ಅಷ್ಟಾಗಿ ಲಕ್ಷಿಸಲಿಲ್ಲ. ೧೯೩೪ರಲ್ಲಿ ಚಾರ್ಲ್ಸ್ ಗ್ರೆನಾಖರ್ ಎಂಬಾತನು ಇಂಥ ಕರಗಿದ ಲವಣದಲ್ಲಿ ಹತ್ತಿಯ, ಮರದ ನಾರನ್ನು ಕರಗಿಸಬಹುದೆಂದು ತೋರಿಸಿ ಅಮೆರಿಕದಲ್ಲಿ ಪೇಟೆಂಟು ಪಡೆದನು. ಅದೂ ಕಪಾಟು ಸೇರಿತು. ಮುಂದೆ ಅಮೆರಿಕದ ವಾಯುಸೇನೆಯ ವಿದ್ಯಾಲಯದವರು ಬ್ಯಾಟರಿಗಳಿಗಾಗಿ ಇಂಥ ಲವಣಗಳನ್ನು ಹುಡುಕತೊಡಗಿದರು. ಅವರ ಮೊದಲಿನ ದ್ರವಗಳು ಗಾಳಿಯ ತೇವ ಸೋಕಿದರೆ ಸಾಕು, ಕೆಡುತ್ತಿದ್ದುವು. ೧೯೯೨ರಲ್ಲಿ ಜಾನ್ ವಿಲ್ಕ್ಸ್ ಮತ್ತು ಮೈಕೆಲ್ ಝವೊರೊಟ್ಕೊ ಎಂಬಿಬ್ಬರು ಗಾಳಿಗೂ ನೀರಿಗೂ ಬೆದರದ ಅಯಾನಿಕ ದ್ರವಗಳನ್ನು ತಯಾರಿಸಿದ ಮೇಲೆ ಈ ವಿದ್ಯೆಗೆ ನಿಜವಾದ ಚಾಲನೆ ದೊರೆಯಿತು.

ಆವಿಯಾಗದ ದ್ರಾವಕ

ಹೊಸ ದ್ರವಕ್ಕೆ ಇಷ್ಟೊಂದು ಸ್ವಾಗತ ದೊರೆತದ್ದಕ್ಕೆ ಕಾರಣ ಅದರ ಒಂದು ಗುಣ. ಪೆಟ್ರೋಲು, ಸ್ಪಿರಿಟ್ಟು, ಬಣ್ಣ ತೆಳುಮಾಡುವ ಟರ್ಪೆಂಟೈನ್ ಮುಂತಾದುವುಗಳ ಮುಚ್ಚಳ ತೆಗೆದರೆ ಮನೆಯೆಲ್ಲ ವಾಸನೆ. ದ್ರವದ ಅಣುಗಳು ಗಾಳಿಗೆ ಹಾರಿ ಮೂಗನ್ನು ಸೇರುವುದೇ ಅದಕ್ಕೆ ಕಾರಣ. ಔಷಧ ಮತ್ತು ರಾಸಾಯನಿಕಗಳ ಕಾರ್ಖಾನೆಗಳಲ್ಲಿ ಇಂಥ ಹಾರುವ ದ್ರಾವಕಗಳನ್ನು ಪೀಪಾಯಿಗಟ್ಟಲೆ ಬಳಸಬೇಕಾಗುತ್ತದೆ. ಕೆಲಸಗಾರರ ಶ್ವಾಸಕೋಶಕ್ಕೆ ಅವುಗಳಿಂದ ಕೇಡು. ಬೆಂಕಿಯ ಭಯ ಸದಾ ಇದ್ದದ್ದೇ. ಊರಿನ ಗಾಳಿಯೂ ಮಲಿನ. ಅಯಾನಿಕ ದ್ರವದಲ್ಲಾದರೋ ಧನವೂ ಋಣವೂ ಒಂದನ್ನೊಂದು ಹಿಡಿದಿರುವುದರಿಂದ ಸಾಧಾರಣ ಉಷ್ಣತೆಯಲ್ಲಿ ಅದು ಆವಿಯಾಗುವುದೇ ಇಲ್ಲವೆನ್ನಬಹುದು. ಅದಕ್ಕೆ ವಾಸನೆ ಅಷ್ಟಾಗಿಲ್ಲ, ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಹೀಗಾಗಿ ‘ಹಸಿರು ದ್ರಾವಕ’ ಎಂಬ ಬಿರುದು ಅದಕ್ಕೆ ಬಹು ಬೇಗ ಸಂದಿತು.

ಈ ಬಿರುದು ಕಿವಿಗೆ ಬಿದ್ದದ್ದೇ ತಡ, ಜೀವರಾಸಾಯನಿಕ ಎಂಜಿನಿಯರರು ಕಣ್ಣರಳಿಸಿದರು. ಇವರ ಕಾರ್ಖಾನೆಯ ಕೂಲಿಯಾಳುಗಳು ವಿಚಿತ್ರವಾದವರು. ಹಾಲನ್ನು ಮೊಸರು ಮಾಡುವ, ಹಿಟ್ಟನ್ನು ಹುಳಿಬರಿಸುವ ಸೂಕ್ಷ್ಮಜೀವಿಗಳ ಬಂಧುಗಳೇ ಇಲ್ಲಿ ದೊಡ್ಡ ತೊಟ್ಟಿಗಳಲ್ಲಿ ಔಷಧಗಳನ್ನೂ ಆಮ್ಲಗಳನ್ನೂ ಮದ್ಯಸಾರವನ್ನೂ ತಯಾರಿಸಿಕೊಡುತ್ತವೆ. ಕೆಲವು ವೇಳೆ ಜೀವಿಯನ್ನೇ ಬಿಟ್ಟು, ಅದರೊಳಗಿನ ಕೆಲಸಗಾರನಾದ ಕಿಣ್ವವನ್ನು ಮಾತ್ರ ಬೇರ್ಪಡಿಸಿ ದುಡಿಸಿಕೊಳ್ಳುವುದೂ ಉಂಟು. ಈ ಆಳುಗಳಿಗೆ ನೀರು ಬೇಕು. ಆದರೆ ಅವು ಮಾರ್ಪಡಿಸಬೇಕಾದ ಪದಾರ್ಥಗಳಲ್ಲಿ ಎಷ್ಟೋ ನೀರಿನಲ್ಲಿ ಕರಗುವುದಿಲ್ಲ. ಟಾಲೂಯಿನ್‌ನಂಥ ದ್ರಾವಕದಲ್ಲಿ ಕರಗಿಸಿ ಉಣಿಸಬೇಕು. ಟಾಲೂಯಿನ್ ಪದಾರ್ಥವನ್ನೇನೋ ಕರಗಿಸುತ್ತದೆ. ಅದರೊಡನೆ ಬಡಪಾಯಿ ಜೀವಕೋಶದ ಪೊರೆಯನ್ನೂ ಕೆಡಿಸುತ್ತದೆ.

೨೦೦೦ದ ವರ್ಷದಲ್ಲಿ ಲಂಡನ್ ಮತ್ತು ಬೆಲ್‌ಫಾಸ್ಟ್ ನಗರಗಳ ಸಂಶೋಧಕರು ಕೂಡಿ ಒಂದು ಪ್ರಯೋಗವನ್ನು ನಡೆಸಿದರು. ರೋಡೊಕಾಕಸ್ ಎಂಬ ಬ್ಯಾಕ್ಟೀರಿಯವನ್ನು ನೀರಿನಲ್ಲಿಟ್ಟು, ಅದಕ್ಕೆ ಬೇಕಾದ ಪದಾರ್ಥವನ್ನು ಟಾಲೂಯಿನ್ನಿಗೆ ಬದಲಾಗಿ ಅಯಾನಿಕ ದ್ರವದಲ್ಲಿ ಕರಗಿಸಿ ಒದಗಿಸಿದರು. ನೀರೂ ಆ ದ್ರವವೂ ಎಣ್ಣೆ ನೀರುಗಳಂತೆ ಬೇರೆ ಬೇರೆಯಾಗಿ ನಿಂತುವು. ಉಗ್ರಾಣದಿಂದ ದಿನಸಿ ತೆಗೆದುಕೊಂಡಂತೆ ಬ್ಯಾಕ್ಟೀರಿಯ ತನಗೆ ಬೇಕಾದಷ್ಟನ್ನು ಅದರಿಂದ ಪಡೆಯುತ್ತ ಹೋಯಿತು. ಟಾಲೂಯಿನ್ನಿನೊಡನೆ ಇದ್ದಾಗಿನ ಕೆಲಸಕ್ಕಿಂತ ಇಲ್ಲಿನ ಕೆಲಸ ಹತ್ತು ಮಡಿಯ ಸಮೀಪಕ್ಕೆ ಹೋಯಿತೆಂದು ಅವರು ಕಂಡರು. ಎರಿತ್ರೊಮೈಸಿನ್ ಎಂಬ ಔಷಧವನ್ನು ಅದೇ ದ್ರವದಿಂದ ಬೇರ್ಪಡಿಸಲು ಸಾಧ್ಯವೆಂದೂ ತೋರಿಸಿದರು. ಅದೇ ವರ್ಷ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ, ಸಕ್ಕರೆಗೆ ಬದಲಾಗಿ ಬಳಸುವ ಆಸ್ಪರ್ಟೇಮ್ ಎಂಬ ಸಿಹಿಯ ಪೂರ್ವರೂಪವನ್ನು ಕಿಣ್ವವೊಂದು ಅಯಾನಿಕ ದ್ರವದೊಳಗೆ ಕುಳಿತೇ ತಯಾರಿಸಿತು. ಸ್ವಲ್ಪ ನೀರಿನ ಪಸೆ ಇದ್ದರೆ ಅದಕ್ಕೆ ಸಾಕಾಗಿತ್ತು.

ಮರದಿಂದ ಸೀರೆ, ಹುಲ್ಲಿನಿಂದ ಇಂಧನ

ಎರಡು ವರ್ಷಗಳ ತರುವಾಯ, ೨೦೦೨ರಲ್ಲಿ, ಅಲಬಾಮ ವಿಶ್ವವಿದ್ಯಾನಿಲಯದ ರಾಬಿನ್ ರಾಜರ್ಸ್ ಮತ್ತು ಅವರ ಸಂಗಡಿಗರು ಗ್ರೆನಾಖರನ ಹಳೆಯ ಜಾಡನ್ನು ಮತ್ತೆ ಹಿಡಿದರು. ಸೆಲ್ಯುಲೋಸ್ ಎಂಬ ಸಸ್ಯದ ನಾರು ನೀರಿನಲ್ಲಿ ಕರಗುವುದಿಲ್ಲ. ಕರಗುವುದಾಗಿದ್ದರೆ ಮೊದಲ ಮಳೆಗೇ ಮರಗಿಡಗಳು ಹರಿದುಹೋಗುತ್ತಿದ್ದುವು, ಅಗಸನ ಕಲ್ಲಿನ ಮೇಲೆ ಪಂಚೆ ಉಳಿಯುತ್ತಿರಲಿಲ್ಲ. ಸಕ್ಕರೆಯ ಅಣುಗಳು ಸಾವಿರಗಟ್ಟಲೆ ಸಾಲಾಗಿ ಹೆಣೆದು, ಸಾಲು ಸಾಲಿಗೆ ಜಲಜನಕದ ಕೊಂಡಿ ಬಿದ್ದು, ಹಗ್ಗದಂತೆ ಗಟ್ಟಿಯಾದ ವಸ್ತು ಅದು. ಅಯಾನಿಕ ದ್ರವದ ಕ್ಲೋರೈಡ್ ಅಯಾನುಗಳು ಆ ಸಾಲುಗಳ ನಡುವೆ ನುಸುಳಿ ಕೊಂಡಿಗಳನ್ನು ಬಿಡಿಸಿಬಿಡುತ್ತವೆ. ಹೀಗೆ ಕರಗಿದ ನಾರಿಗೆ ನೀರು ಸೇರಿಸಿದರೆ ಸೆಲ್ಯುಲೋಸ್ ಮತ್ತೆ ಗಟ್ಟಿಯಾಗಿ ಹೊರಬರುತ್ತದೆ. ಎಳೆಯಾಗಿ ಎಳೆದರೆ ನೂಲು! ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾನಿಲಯದವರು ಇದೇ ತತ್ತ್ವದಿಂದ ಮರದ ನಾರನ್ನು ಬಟ್ಟೆಯ ನೂಲಾಗಿ ಮಾಡಿದರು. ೨೦೧೮ರ ಡಿಸೆಂಬರಿನಲ್ಲಿ ಆ ದೇಶದ ಸ್ವಾತಂತ್ರ್ಯೋತ್ಸವದ ಔತಣಕ್ಕೆ ಅಂದಿನ ರಾಷ್ಟ್ರಾಧ್ಯಕ್ಷರ ಪತ್ನಿ ಉಟ್ಟು ಬಂದ ನಿಲುವಂಗಿ ಬರ್ಚ್ ಮರದಿಂದಾದದ್ದು. ಅಂಥ ನೂಲಿನಿಂದ ಸೀರೆಯನ್ನೂ ನೇಯಬಹುದಲ್ಲವೆ?

ಆದರೆ ಎಂಜಿನಿಯರರ ಕಣ್ಣು ಬಟ್ಟೆಗಿಂತ ಮಿಗಿಲಾಗಿ ಇಂಧನದ ಮೇಲಿತ್ತು. ಹುಲ್ಲು, ದಂಟು, ಸಿಪ್ಪೆ, ಮರದ ಹೊಟ್ಟು ಇವೆಲ್ಲ ಬಿಗಿದಿಟ್ಟ ಸಕ್ಕರೆಯೇ. ಅನ್ನವಾಗುವ ಕಾಳನ್ನು ಮುಟ್ಟದೆ, ಕಾಳು ಬಿಡಿಸಿದ ಮೇಲೆ ಉಳಿದ ದಂಟಿನಿಂದ ಸಕ್ಕರೆಯನ್ನು ತೆಗೆದು, ಯೀಸ್ಟಿಗೆ ಉಣಿಸಿ ಮದ್ಯಸಾರವನ್ನು ಪಡೆದರೆ ಮೋಟಾರುಗಳನ್ನು ಓಡಿಸಬಹುದು. ದಂಟಿನ ಬಿಗಿಯನ್ನು ಸಡಿಲಿಸಲು ಅಯಾನಿಕ ದ್ರವಕ್ಕಿಂತ ಒಳ್ಳೆಯ ಸಾಧನ ಯಾವುದು? ಪ್ರಯೋಗ ನಡೆಯಿತು. ದಂಟು ಸಡಿಲಿತು, ಕಿಣ್ವಗಳು ಸಕ್ಕರೆಯನ್ನು ಬಿಡಿಸಿಕೊಟ್ಟವು. ಸಕ್ಕರೆಯ ನೀರನ್ನು ಯೀಸ್ಟಿನ ಮುಂದೆ ಇಟ್ಟರು. ಯೀಸ್ಟು ಬೆಳೆಯಲಿಲ್ಲ! ಎಷ್ಟು ತೊಳೆದರೂ ದಂಟಿನಲ್ಲಿ ಅಷ್ಟಿಷ್ಟು ಉಳಿದುಕೊಂಡಿದ್ದ ದ್ರವ ಅದರ ಕತ್ತು ಹಿಸುಕಿತ್ತು. ಒಬ್ಬ ಕೂಲಿಯಾಳಿಗೆ ಟಾಲೂಯಿನ್ನಿಗಿಂತ ಹಿತವಾಗಿದ್ದ ವಸ್ತುವಿನ ಬಳಗವೇ ಇನ್ನೊಬ್ಬನ ಪಾಲಿಗೆ ಯಮನಾದದ್ದು ಹೇಗೆ?

ಪೊರೆಯೊಳಗೆ ಹೊಕ್ಕ ಬಾಲ

ಉಪ್ಪು ಸೂಕ್ಷ್ಮಜೀವಿಗಳನ್ನು ತಡೆಯುವುದು ಹೊಸ ವಿಷಯವಲ್ಲ. ಮಾವಿನ ಮಿಡಿ ವರ್ಷವಿಡೀ ಕೆಡದೆ ಉಳಿಯುವುದು ಉಪ್ಪಿನ ಪ್ರಸಾದದಿಂದಲೇ. ಅಲ್ಲಿ ಉಪ್ಪು ಜೀವಕೋಶದೊಳಗಿನ ನೀರನ್ನು ಹೊರಗೆಳೆದು ಅದನ್ನು ಒಣಗಿಸುತ್ತದೆ. ಆದರೆ ಈ ಕೆಲಸಕ್ಕೆ ಉಪ್ಪು ಹಿಡಿಗಟ್ಟಲೆ ಬೇಕು. ಅಯಾನಿಕ ದ್ರವದ ರೀತಿ ಬೇರೆ. ಅದು ಚಿಟಿಕೆಯಲ್ಲಿಯೇ ಕೆಲಸ ಪೂರೈಸಬಲ್ಲದು. ಅದರ ನಡತೆ ಉಪ್ಪಿಗಿಂತ ಸಾಬೂನನ್ನು ಹೆಚ್ಚು ಹೋಲುತ್ತದೆ.

ಪ್ರತಿಯೊಂದು ಜೀವಕೋಶಕ್ಕೂ ಒಂದು ಪೊರೆಯುಂಟು. ಜಿಡ್ಡಿನ ಅಣುಗಳು ಎರಡು ಸಾಲಾಗಿ, ತಲೆ ಹೊರಗೆ ಬಾಲ ಒಳಗೆ ಮಾಡಿಕೊಂಡು ನಿಂತು ಈ ಪೊರೆಯನ್ನು ಕಟ್ಟಿವೆ. ಒಳಗಿನದು ಒಳಗೆ, ಹೊರಗಿನದು ಹೊರಗೆ ಇರುವಂತೆ ಕಾಯುವುದು ಇದೇ. ಈ ಪೊರೆಯ ಹೊರಮೈಯಲ್ಲಿ ಋಣ ವಿದ್ಯುತ್ತು ಹೆಚ್ಚು. ಆದ್ದರಿಂದ ಅಯಾನಿಕ ದ್ರವದ ಧನ ಅಯಾನು ಸಹಜವಾಗಿಯೇ ಅದರ ಕಡೆಗೆ ಸೆಳೆಯಲ್ಪಡುತ್ತದೆ. ಹತ್ತಿರ ಬಂದ ಮೇಲೆ ಅದರ ಇಂಗಾಲದ ಬಾಲ, ತನ್ನಂತೆಯೇ ಜಿಡ್ಡಿನದಾದ ಪೊರೆಯ ಒಳಭಾಗಕ್ಕೆ ಮೊಳೆಯಂತೆ ಇಳಿಯುತ್ತದೆ. ಒಂದು ಮೊಳೆಗೆ ಗೋಡೆ ಬೀಳುವುದಿಲ್ಲ. ಸಾವಿರ ಮೊಳೆಗಳು ಇಳಿದರೆ ಬಿರುಕು ಬಿಡುತ್ತದೆ, ಒಳಗಿನ ಸಾರ ಸೋರತೊಡಗುತ್ತದೆ, ಕೋಶ ಸಾಯುತ್ತದೆ.

ಜರ್ಮನಿಯ ಬ್ರೆಮೆನ್ ನಗರದ ಸಂಶೋಧಕರು ಮತ್ತಿತರರು ೨೦೦೩ರಿಂದೀಚೆಗೆ ಈ ಬಾಲದ ಉದ್ದಕ್ಕೂ ಸಾವಿಗೂ ಇರುವ ಸಂಬಂಧವನ್ನು ಅಳೆದು ನೋಡಿದ್ದಾರೆ. ಅವರು ಬಳಸಿದ ಒಂದು ಸಾಧನ ಬಹು ಸುಂದರವಾದುದು. ಕತ್ತಲಲ್ಲಿ ಮಿನುಗುವ ಸಮುದ್ರದ ಬ್ಯಾಕ್ಟೀರಿಯವೊಂದಿದೆ. ಅದು ಆರೋಗ್ಯವಾಗಿರುವವರೆಗೂ ಬೆಳಗುತ್ತದೆ. ವಿಷ ತಾಗಿದರೆ ಬೆಳಕು ಮಂದವಾಗುತ್ತದೆ. ದೀಪ ಎಷ್ಟು ಕುಗ್ಗಿತೆಂಬುದೇ ವಿಷದ ಅಳತೆ. ಎರಡು ಇಂಗಾಲದ ಬಾಲವಿದ್ದ ಅಯಾನಿಗೆ ಈ ದೀಪ ಅಷ್ಟಾಗಿ ಅಂಜಲಿಲ್ಲ. ನಾಲ್ಕಾದಾಗ ಕುಗ್ಗಿತು, ಆರು, ಎಂಟು ಎಂದು ಬಾಲ ಬೆಳೆದಂತೆಲ್ಲ ಬಹು ಸ್ವಲ್ಪ ದ್ರವಕ್ಕೇ ಆರಿಹೋಗತೊಡಗಿತು. ಪ್ರಾಣಿಗಳ ಜೀವಕೋಶಗಳಲ್ಲಿಯೂ, ಕೆರೆಯ ನೀರಿನ ಡಾಫ್ನಿಯವೆಂಬ ಕಿರುಜೀವಿಯಲ್ಲಿಯೂ ಇದೇ ಪಾಠ ಪುನರಾವರ್ತನೆಯಾಯಿತು. ಬಾಲ ಉದ್ದವಾದಷ್ಟೂ ವಿಷ ಹೆಚ್ಚು. ಬೆಂಕಿ ಇರುವೆಯ ವಿಷದ ಅಣುವಿಗೂ ಇಂಥ ನೀಳವಾದ ಬಾಲವೊಂದಿದೆಯೆಂಬುದನ್ನು ಇಲ್ಲಿ ನೆನೆಯಬಹುದು.

ಪೊರೆಯನ್ನು ದಾಟಿ ಒಳಹೊಕ್ಕ ಅಯಾನುಗಳ ಕಾಟ ಅಲ್ಲಿಗೇ ಮುಗಿಯುವುದಿಲ್ಲ. ಯೀಸ್ಟಿನಲ್ಲಿಯೂ ಮನುಷ್ಯನಲ್ಲಿಯೂ ಜೀವಕೋಶದ ಅಡಿಗೆಮನೆಯೆಂದರೆ ಮೈಟೊಕಾಂಡ್ರಿಯ. ಆಹಾರವನ್ನು ಉರಿಸಿ ಶಕ್ತಿಯನ್ನು ಒದಗಿಸುವ ಒಲೆ ಅಲ್ಲಿದೆ. ಇಮಿಡಜೋಲಿಯಂ ಜಾತಿಯ ಅಯಾನುಗಳು ಆ ಒಲೆಯ ಕೆಲಸವನ್ನೇ ಕೆಡಿಸುವುದು ೨೦೧೬ರಲ್ಲಿ ಪ್ರಕಟವಾದ ಯೀಸ್ಟಿನ ಅಧ್ಯಯನದಿಂದ ತಿಳಿದುಬಂದಿತು. ಋಣ ಅಯಾನುಗಳೂ ನಿರಪರಾಧಿಗಳಲ್ಲ. ಮೊದಮೊದಲು ಬಹು ಜನಪ್ರಿಯವಾಗಿದ್ದ ಒಂದು ದ್ರವದ ಋಣ ಅಯಾನು ರಂಜಕ ಮತ್ತು ಫ್ಲೋರಿನ್‌ಗಳಿಂದಾದದ್ದು. ಅದು ನೀರಿನ ಸಂಗದಲ್ಲಿ ಒಡೆದು, ಗಾಜನ್ನೂ ತಿನ್ನುವ ಹೈಡ್ರೊಫ್ಲೋರಿಕ್ ಆಮ್ಲವನ್ನು ಬಿಡಬಹುದೆಂದು ೨೦೦೩ರಲ್ಲಿ ಎಚ್ಚರಿಸಿದವರು, ನಾರನ್ನು ಕರಗಿಸಿದ ರಾಜರ್ಸ್ ಅವರ ತಂಡದವರೇ. ತಾವು ಎತ್ತಿ ಆಡಿಸಿದ ಕೂಸಿನ ತಪ್ಪನ್ನು ತಾವೇ ಎತ್ತಿ ಹೇಳಿದ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಹೀಗೆ ‘ಹಸಿರು’ ಎಂಬ ಬಿರುದಿನ ಮೇಲೆ ಮೊದಲ ಕಲೆ ಬಿದ್ದಿತು. ಗಾಳಿಗೆ ಹಾರುವುದಿಲ್ಲವೆಂಬುದು ನಿಜ. ಆದರೆ ಗಾಳಿಗೆ ಹಾರದ ವಸ್ತು ನೀರಿಗೆ ಇಳಿಯಬಹುದು, ಮಣ್ಣಿನಲ್ಲಿ ಉಳಿಯಬಹುದು. ಈ ದ್ರವಗಳ ಪೈಕಿ ಹಲವನ್ನು ಕೊಳೆಯಿಸಿ ತಿಂದು ಮುಗಿಸುವ ಶಕ್ತಿ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಬಾರದು. ೨೦೧೮ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸಂಶೋಧಕರು, ಕಸ ತುಂಬಿದ ಹೊಂಡವೊಂದರ ಸಮೀಪದ ಮಣ್ಣಿನಲ್ಲಿ ಎಂಟು ಇಂಗಾಲದ ಬಾಲವುಳ್ಳ ಇಮಿಡಜೋಲಿಯಂ ಅಯಾನನ್ನು ಕಂಡು ವರದಿ ಮಾಡಿದರು. ಯಕೃತ್ತಿನ ಜೀವಕೋಶಗಳ ಮೈಟೊಕಾಂಡ್ರಿಯದ ಕೆಲಸಕ್ಕೆ ಅದು ಅಡ್ಡಿಮಾಡುವುದೆಂದೂ, ಪಿತ್ತನಾಳಗಳನ್ನು ಕ್ರಮವಾಗಿ ನಾಶಪಡಿಸುವ ಒಂದು ರೋಗಕ್ಕೆ ಅದು ಪ್ರೇರಕವಾಗಿರಬಹುದೆಂದೂ ಅವರು ಶಂಕಿಸಿದರು. ಇದು ಶಂಕೆಯೇ ಹೊರತು ಸಿದ್ಧವಾದ ತೀರ್ಪಲ್ಲ. ಆದರೂ ಪ್ರಯೋಗಶಾಲೆಯ ಸೀಸೆಯಲ್ಲಿರಬೇಕಾದ ವಸ್ತು ಊರ ಮಣ್ಣಿನಲ್ಲಿ ಸಿಕ್ಕಿತೆಂಬುದೇ ಯೋಚಿಸತಕ್ಕ ಸಂಗತಿ.

ಕಾಡಿನ ಬ್ಯಾಕ್ಟೀರಿಯ ಕಲಿಸಿದ ಉಪಾಯ

ಕೊಲ್ಲುವ ವಸ್ತುವೊಂದಿದ್ದರೆ ಅದನ್ನು ಜೀರ್ಣಿಸಿಕೊಳ್ಳುವ ಜೀವಿಯೂ ಎಲ್ಲಿಯೋ ಒಂದು ಕಡೆ ಇರುವುದು ಪ್ರಕೃತಿಯ ಲೀಲೆ. ಕ್ಯಾರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದಲ್ಲಿ ಎಲ್ ಯುಂಕೆ ಎಂಬ ಮಳೆಕಾಡಿದೆ. ಅಲ್ಲಿನ ಮಣ್ಣಿನಲ್ಲಿ ಮರದ ಲಿಗ್ನಿನ್ನನ್ನು ಅವಲಂಬಿಸಿ ಬೆಳೆಯಬಲ್ಲ ಬ್ಯಾಕ್ಟೀರಿಯವೊಂದು ದೊರಕಿತು. ಅದಕ್ಕೆ ಎಂಟಿರೊಬ್ಯಾಕ್ಟರ್ ಲಿಗ್ನೊಲಿಟಿಕಸ್ ಎಂದು ಹೆಸರು. ಇತರ ಬ್ಯಾಕ್ಟೀರಿಯಗಳು ತಾಳಲಾರದಷ್ಟು ಅಯಾನಿಕ ದ್ರವದ ನಡುವೆಯೂ ಅದು ಬೆಳೆಯುತ್ತಿತ್ತು. ಅದು ತನ್ನ ಪೊರೆಯ ಜಿಡ್ಡನ್ನೇ ಬದಲಾಯಿಸಿಕೊಂಡು ಗಟ್ಟಿಮಾಡಿಕೊಳ್ಳುವುದನ್ನೂ, ಒಳಗೆ ಬರುವ ಬಾಗಿಲುಗಳನ್ನು ಕಡಮೆಮಾಡಿ, ಬಂದದ್ದನ್ನು ಹೊರಹಾಕುವ ಪಂಪುಗಳನ್ನು ಹೆಚ್ಚಿಸುವುದನ್ನೂ ಸಂಶೋಧಕರು ೨೦೧೨ರಲ್ಲಿ ತಿಳಿಸಿದರು.

ಎರಡು ವರ್ಷಗಳ ಅನಂತರ, ಕ್ಯಾಲಿಫೋರ್ನಿಯದ ಜೈವಿಕ ಇಂಧನ ಸಂಸ್ಥೆಯವರು ಈ ಪಂಪಿನ ಗುಟ್ಟನ್ನು ಎರಡು ವಂಶವಾಹಿಗಳಲ್ಲಿ ಪತ್ತೆಹಚ್ಚಿದರು. ಒಂದು ವಂಶವಾಹಿ ಪಂಪನ್ನು ಕಟ್ಟುತ್ತದೆ. ಇನ್ನೊಂದು ಅದರ ಮೇಲಿನ ಕಾವಲುಗಾರ. ದ್ರವ ಇಲ್ಲದಾಗ ಕಾವಲುಗಾರ ಪಂಪನ್ನು ಕಟ್ಟಗೊಡುವುದಿಲ್ಲ. ಏಕೆಂದರೆ ಬೇಡದ ಪಂಪು ಮನೆಗೆ ವ್ಯರ್ಥ ಖರ್ಚು. ದ್ರವ ಒಳಬಂದ ಕೂಡಲೆ ಕಾವಲುಗಾರ ಪಕ್ಕಕ್ಕೆ ಸರಿಯುತ್ತಾನೆ, ಪಂಪು ಸಿದ್ಧವಾಗುತ್ತದೆ. ಎಷ್ಟು ದ್ರವವೋ ಅಷ್ಟು ಪಂಪು. ಜಾಣೆಯಾದ ಗೃಹಿಣಿಯ ಸಂಸಾರದಂತೆ ನಡೆಯುವ ಈ ಏರ್ಪಾಟನ್ನು ಇಂಧನ ತಯಾರಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಕ್ಕೆ ಸೇರಿಸಿದಾಗ, ಮೊದಲು ತನ್ನನ್ನು ಕೊಲ್ಲುತ್ತಿದ್ದ ದ್ರವದ ನಡುವೆಯೇ ಅದು ಬೆಳೆದು ಇಂಧನವನ್ನು ತಯಾರಿಸಿತು.

ಏಲಕ್ಕಿಯ ಬಂಧು

ಆಳನ್ನು ಗಟ್ಟಿಮಾಡುವುದು ಒಂದು ದಾರಿ. ದ್ರವವನ್ನೇ ಸೌಮ್ಯಗೊಳಿಸುವುದು ಇನ್ನೊಂದು. ಇಮಿಡಜೋಲಿಯಂ ಮುಂತಾದ ಪರಕೀಯ ಅಯಾನುಗಳೇ ಏಕೆ ಬೇಕು? ದೇಹಕ್ಕೆ ಪರಿಚಿತವಾದವು ಸಾಲವೆ? ಮೊಟ್ಟೆಯಲ್ಲಿಯೂ ಕಾಳುಗಳಲ್ಲಿಯೂ ಇರುವ ಕೋಲಿನ್ ಎಂಬ ಪೋಷಕಾಂಶ ತಾನೇ ಒಂದು ಧನ ಅಯಾನು. ಅದರ ಬಾಲ ಗಿಡ್ಡ. ಅದರ ತುದಿಗೆ ನೀರನ್ನು ಪ್ರೀತಿಸುವ ಆಮ್ಲಜನಕದ ಗುಂಪು. ಪೊರೆಗೆ ಮೊಳೆಯಂತೆ ಇಳಿಯುವ ಚಪಲ ಅದಕ್ಕಿಲ್ಲ. ಅಮೈನೊ ಆಮ್ಲಗಳನ್ನು ಅದಕ್ಕೆ ಜೊತೆಮಾಡಿದರೆ ಸಸ್ಯದ ದಂಟನ್ನು ಸಡಿಲಿಸಬಲ್ಲ, ಆದರೆ ಸೂಕ್ಷ್ಮಜೀವಿಗಳಿಗೆ ಅಷ್ಟಾಗಿ ಕೇಡುಮಾಡದ ದ್ರವಗಳು ದೊರೆಯುತ್ತವೆ.

ಇದೇ ಕೋಲಿನ್ ವೈದ್ಯಶಾಸ್ತ್ರದಲ್ಲಿಯೂ ಒಂದು ಆಸೆಯನ್ನು ಹುಟ್ಟಿಸಿದೆ. ಮುಂಬಯಿಯಲ್ಲಿ ರಾಸಾಯನಿಕ ಎಂಜಿನಿಯರಿಂಗ್ ವ್ಯಾಸಂಗ ಮಾಡಿ ಅಮೆರಿಕದಲ್ಲಿ ನೆಲೆಸಿದ ಸಮೀರ್ ಮಿತ್ರಗೋತ್ರಿ ಮತ್ತು ಅವರ ಸಹೋದ್ಯೋಗಿಗಳು, ಏಲಕ್ಕಿಯಲ್ಲಿಯೂ ನಿಂಬೆಹುಲ್ಲಿನಲ್ಲಿಯೂ ಕಂಡುಬರುವ ಜೆರಾನಿಕ್ ಆಮ್ಲವನ್ನು ಕೋಲಿನ್ನಿನೊಡನೆ ಸೇರಿಸಿ ಒಂದು ಅಯಾನಿಕ ದ್ರವವನ್ನು ತಯಾರಿಸಿದರು. ಗಾಯಗಳ ಮೇಲೆ ಪಾಚಿಯಂತೆ ಒತ್ತಾಗಿ ಬೆಳೆದು ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಗಳನ್ನು ಅದು ಕೊಲ್ಲುವುದೆಂದೂ, ಚರ್ಮಕ್ಕೆ ಹೆಚ್ಚು ಉರಿಮಾಡುವುದಿಲ್ಲವೆಂದೂ ೨೦೧೪ರಲ್ಲಿ ಪ್ರಕಟಿಸಿದರು. ಪೊರೆಯನ್ನು ಕೆಡಿಸುವ ಗುಣ ಇಲ್ಲಿ ದೋಷವಾಗಿ ಉಳಿಯದೆ ಉಪಕಾರವಾಯಿತು.

೨೦೧೮ರಲ್ಲಿ ಅವರು ಅದೇ ದ್ರವದಲ್ಲಿ ಇನ್ಸುಲಿನ್ನನ್ನು ಬೆರಸಿ ಗುಳಿಗೆಯಲ್ಲಿ ತುಂಬಿ ಇಲಿಗಳಿಗೆ ಕೊಟ್ಟರು. ಇನ್ಸುಲಿನ್ ಮನುಷ್ಯನಿಗೆ ಔಷಧವಾಗಿ ದೊರೆತದ್ದು ೧೯೨೨ರಲ್ಲಿ. ಅಂದಿನಿಂದ ಅದನ್ನು ಸೂಜಿಯ ಮೂಲಕ ಕೊಡುವುದೇ ರೂಢಿ; ಏಕೆಂದರೆ ನುಂಗಿದರೆ ಹೊಟ್ಟೆ ಅದನ್ನು ಅನ್ನದಂತೆ ಅರಗಿಸಿಬಿಡುತ್ತದೆ, ಅಳಿದುಳಿದದ್ದು ಕರುಳಿನ ಗೋಡೆಯನ್ನು ದಾಟಲಾರದು. ಸಿಹಿಮೂತ್ರ ರೋಗಿಗಳಿರುವ ಮನೆಯವರಿಗೆ ಸೂಜಿಯ ಕಷ್ಟವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಈ ಗುಳಿಗೆ ಹೊಟ್ಟೆಯಲ್ಲಿ ಒಡೆಯದೆ ಕರುಳಿಗೆ ಹೋಗಿ ಬಿಚ್ಚಿಕೊಂಡಿತು. ದ್ರವ ಇನ್ಸುಲಿನ್ನನ್ನು ಕಿಣ್ವಗಳಿಂದ ಕಾಪಾಡಿ, ಕರುಳಿನ ಜೀವಕೋಶಗಳ ನಡುವಣ ಸಂದುಗಳನ್ನು ಸ್ವಲ್ಪ ಸಡಿಲಿಸಿ ದಾರಿಮಾಡಿಕೊಟ್ಟಿತು. ಇಲಿಗಳ ರಕ್ತದ ಸಕ್ಕರೆ ಇಳಿಯಿತು. ಇಲಿಗೆ ಒಗ್ಗಿದ್ದೆಲ್ಲ ಮನುಷ್ಯನಿಗೆ ಒಗ್ಗುವುದೆಂಬ ನಿಯಮವಿಲ್ಲ. ದಿನದಿನವೂ, ವರ್ಷಾನುಗಟ್ಟಲೆ ನುಂಗಬೇಕಾದ ಔಷಧ ಕರುಳಿನ ಕಾವಲನ್ನು ಸಡಿಲಿಸುವುದಾದರೆ ಅದರ ಪರಿಣಾಮವೇನೆಂಬುದನ್ನು ಬಹು ಎಚ್ಚರದಿಂದ ನೋಡಬೇಕಾಗುತ್ತದೆ. ಆದರೂ ದಾರಿಯೊಂದು ಕಂಡಿದೆಯೆಂಬುದು ಸಮಾಧಾನದ ಮಾತು.

ಹೆಸರಿನಲ್ಲೇನಿದೆ?

ಒಂದೇ ದ್ರವಕುಲದಲ್ಲಿ ಎಷ್ಟೊಂದು ಬಗೆಯ ನಡತೆ! ಒಂದು ಬ್ಯಾಕ್ಟೀರಿಯಕ್ಕೆ ಉಗ್ರಾಣವಾಗುತ್ತದೆ; ಒಂದು ಯೀಸ್ಟಿನ ಕತ್ತು ಹಿಸುಕುತ್ತದೆ; ಒಂದು ಮರವನ್ನು ನೂಲಾಗಿಸುತ್ತದೆ; ಒಂದು ಊರ ಮಣ್ಣಿನಲ್ಲಿ ಕುಳಿತು ಆತಂಕ ತರುತ್ತದೆ; ಮತ್ತೊಂದು ರೋಗಿಯ ಸೂಜಿಯನ್ನು ತಪ್ಪಿಸುವ ಭರವಸೆ ಕೊಡುತ್ತದೆ. ಧನ ಅಯಾನುಗಳೂ ಋಣ ಅಯಾನುಗಳೂ ಅಸಂಖ್ಯ. ಬೇಕಾದಂತೆ ಜೊತೆ ಕೂಡಿಸಬಹುದು. ಬಾಲವನ್ನು ಒಂದೆರಡು ಇಂಗಾಲ ಹೆಚ್ಚು ಕಡಮೆ ಮಾಡಿದರೆ ಸಾಕು, ಗುಣವೇ ಬೇರೆಯಾಗುತ್ತದೆ. ಆದ್ದರಿಂದ ‘ಅಯಾನಿಕ ದ್ರವ ಒಳ್ಳೆಯದೋ ಕೆಟ್ಟದ್ದೋ?’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ‘ಯಾವ ದ್ರವ, ಯಾವ ಜೀವಿಗೆ, ಎಷ್ಟು ಪ್ರಮಾಣದಲ್ಲಿ, ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ?’ ಎಂದು ಕೇಳುವುದೇ ಸರಿಯಾದ ಕ್ರಮ. ಗಾಳಿಯನ್ನು ಕೆಡಿಸದ ವಸ್ತುವಿಗೆ ಹಸಿರು ಬಿರುದನ್ನು ಕೊಟ್ಟ ಅವಸರದಲ್ಲಿ ಈ ಕೊನೆಯ ಪ್ರಶ್ನೆ ಮರೆತುಹೋಗಿತ್ತು. ಬಿರುದನ್ನು ಹುಟ್ಟಿನಿಂದ ಪಡೆಯಲಾಗದು, ನಡತೆಯಿಂದಲೇ ಗಳಿಸಬೇಕು; ಮನುಷ್ಯನ ವಿಷಯದಲ್ಲಿ ಹೇಗೋ, ಮನುಷ್ಯನು ಸೃಷ್ಟಿಸಿದ ವಸ್ತುವಿನ ವಿಷಯದಲ್ಲಿಯೂ ಹಾಗೆಯೇ.

ಟೆಕ್ಸಸ್ಸಿನ ಹುಚ್ಚಿರುವೆಗೆ ಈ ತರ್ಕವೊಂದೂ ತಿಳಿಯದು. ಮೈಮೇಲೆ ವಿಷದ ಹನಿ ಬಿದ್ದೊಡನೆ ಅದು ಎದ್ದು ನಿಂತು, ತನ್ನ ಬಳಿಯಿರುವ ಆಮ್ಲವನ್ನು ತನಗೆ ಬೇಕಾದಷ್ಟೇ ತೆಗೆದುಕೊಂಡು ಬಳಿದುಕೊಳ್ಳುತ್ತದೆ. ತಯಾರಾದ ದ್ರವ ಅದರ ಅಂಗೈಯಗಲದ ಲೋಕವನ್ನು ಮೀರಿ ಹರಿಯುವುದಿಲ್ಲ. ಮನುಷ್ಯನು ಮಾತ್ರ ಎಲ್ಲವನ್ನೂ ಪೀಪಾಯಿಗಟ್ಟಲೆ ತಯಾರಿಸುತ್ತಾನೆ. ಆದುದರಿಂದ ಅವನ ಎಚ್ಚರವೂ ಪೀಪಾಯಿಯಷ್ಟೇ ದೊಡ್ಡದಾಗಿರಬೇಕಾದದ್ದು ನ್ಯಾಯ.